ಸಮುದ್ರ ಸೇರುವ ನೀರು ದಂಡವೇ?

(ಸಂಘದ ತಿಂಗಳ ಸಭೆಯಲ್ಲಿ ಒಬ್ಬರು ಓದಿ, ಎಲ್ಲರೂ ಚರ್ಚಿಸಲು)



ಪಾಂಡವಪುರ ತಾಲ್ಲೂಕಿನ ಒಂದು ಸಂಘದ ಸಭೆ. ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದು, ನಡಾವಳಿ ಪುಸ್ತಕಕ್ಕೆ ಸಹಿ ಹಾಕುವ ಹೊತ್ತಿಗೆ ಮಾತು ನೀರಿನ ಕಡೆ ತಿರುಗಿತು. ನಾಲೆಯಲ್ಲಿ ಕಟ್ಟು ನೀರು ಬಿಡುತ್ತಿದ್ದ ಕಾಲ ಅದು. ಒಬ್ಬ ತಾಯಿ ಕೇಳಿದರು: "ಅಲ್ಲಾ ಸಿಸ್ಟರ್, ನಮ್ಮ ಗದ್ದೆಗೆ ಹದಿನೈದು ದಿನಕ್ಕೊಂದ್ಸಲ ನೀರು ಬಿಡ್ತಾರೆ. ಮಳೆ ಜಾಸ್ತಿ ಬಂದ್ರೆ ಅಷ್ಟೊಂದು ನೀರು ಸಮುದ್ರಕ್ಕೋಗಿ ದಂಡ ಆಯ್ತದಲ್ಲ, ಅದನ್ನ ತಡೆಯೋಕೆ ಆಗಲ್ವಾ?"

ಎಲ್ಲರೂ "ಹೌದು ಹೌದು" ಅಂದರು. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಬೆಳೆ ಒಣಗುವುದನ್ನು ಕಣ್ಣಾರೆ ಕಂಡವರಿಗೆ ಹಾಗೆ ಅನ್ನಿಸುವುದು ತಪ್ಪಲ್ಲ. ಆದರೆ ಈ ಪ್ರಶ್ನೆಗೆ ಸರಿಯಾದ ಉತ್ತರ ಹೇಳಬೇಕಾದರೆ ನದಿ ಸಮುದ್ರ ಸೇರುವ ಜಾಗದಲ್ಲಿ ಏನು ನಡೆಯುತ್ತದೆ ಎಂದು ನಾವು ತಿಳಿಯಬೇಕು. ಅಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಯೊಂದು ಇದೆ. ಈ ತಿಂಗಳ ಪಾಠ ಅದರ ಬಗ್ಗೆ.

ತೇಲುಪಾಚಿ ಎಂದರೇನು?

ಬೇಸಿಗೆಯಲ್ಲಿ ನಮ್ಮೂರ ಕೆರೆ ನೀರು ಹಸಿರಾಗುವುದನ್ನು ಎಲ್ಲರೂ ನೋಡಿದ್ದೀರಿ. ಒಂದು ಗಾಜಿನ ಲೋಟದಲ್ಲಿ ಆ ನೀರನ್ನು ಹಿಡಿದು ಬಿಸಿಲಿಗೆ ಎತ್ತಿ ನೋಡಿ. ನೀರೇ ಹಸಿರು ಬಣ್ಣ ಬೆರೆಸಿದ ಹಾಗೆ ಕಾಣುತ್ತದೆ. ಅದು ಬಣ್ಣವಲ್ಲ, ಲಕ್ಷಾಂತರ ಪುಟಾಣಿ ಗಿಡಗಳಂಥ ಜೀವಿಗಳು. ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ. ಒಂದೊಂದೂ ಒಂದೇ ಕಣ. ನೀರು ಹೋದ ಕಡೆ ತೇಲಿಕೊಂಡು ಹೋಗುತ್ತವೆ. ಮಕ್ಕಳ ವಿಜ್ಞಾನ ಪುಸ್ತಕದಲ್ಲಿ ಇವಕ್ಕೆ 'ಸಸ್ಯಪ್ಲವಕ' ಎಂದು ಹೆಸರು. ನಾವು ಈ ಪಾಠದಲ್ಲಿ ಸುಲಭವಾಗಿ 'ತೇಲುಪಾಚಿ' ಅನ್ನೋಣ.

ಇವು ನಮ್ಮ ಭತ್ತ, ಕಬ್ಬಿನ ಹಾಗೆಯೇ ಬಿಸಿಲು ಹೀರಿ ತಮ್ಮ ಆಹಾರ ತಾವೇ ಮಾಡಿಕೊಳ್ಳುತ್ತವೆ, ಆಮ್ಲಜನಕ ಬಿಡುತ್ತವೆ. ಭೂಮಿಯ ಮೇಲೆ ಹಸಿರು ಜೀವಿಗಳು ತಯಾರಿಸುವ ಆಮ್ಲಜನಕದಲ್ಲಿ ಸರಿಸುಮಾರು ಅರ್ಧದಷ್ಟು ಸಮುದ್ರದ ಈ ಪುಟ್ಟ ಜೀವಿಗಳಿಂದ ಆಗುತ್ತದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ತೇಲುಪಾಚಿಯನ್ನು ಸಣ್ಣ ಹುಳುಗಳು ತಿನ್ನುತ್ತವೆ. ಹುಳುಗಳನ್ನು ಮೀನುಮರಿ, ಸೀಗಡಿ ತಿನ್ನುತ್ತವೆ. ಅವನ್ನು ದೊಡ್ಡ ಮೀನು ತಿನ್ನುತ್ತದೆ. ಕೊನೆಗೆ ಅದು ನಮ್ಮ ತಟ್ಟೆಗೆ ಬರುತ್ತದೆ. ಗದ್ದೆಯಲ್ಲಿ ಹುಲ್ಲಿಲ್ಲದಿದ್ದರೆ ಹಸು ಹಾಲು ಕೊಡುತ್ತದೆಯೇ? ನೀರಿನಲ್ಲಿ ತೇಲುಪಾಚಿ ಅಂದರೆ ಹುಲ್ಲಿನ ಹಾಗೆ.

ಅಳಿವೆ ಎಂದರೇನು?

ನದಿ ಸಮುದ್ರವನ್ನು ಸೇರುವ ಬಾಯಿಯನ್ನು ಕರಾವಳಿಯ ಜನ 'ಅಳಿವೆ' ಎನ್ನುತ್ತಾರೆ. ದಿನಕ್ಕೆ ಎರಡು ಸಲ ಉಬ್ಬರ ಬಂದಾಗ ಸಮುದ್ರದ ಉಪ್ಪುನೀರು ನದಿಯೊಳಗೆ ನುಗ್ಗುತ್ತದೆ. ಇಳಿತದಲ್ಲಿ ಹಿಂದಕ್ಕೆ ಹೋಗುತ್ತದೆ. ಮೇಲಿಂದ ಸಿಹಿನೀರು ಬರುತ್ತಲೇ ಇರುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನದಿ ನೀರಿನಲ್ಲಿ ಉಪ್ಪಿನ ರುಚಿಯೇ ಇಲ್ಲ. ಇವೆರಡೂ ಬೆರೆತ ಸಪ್ಪೆ ಉಪ್ಪುನೀರು ಅಳಿವೆಯದು. ಅನೇಕ ಸಮುದ್ರದ ಮೀನು, ಸೀಗಡಿಗಳ ಮರಿಗಳು ಬೆಳೆಯುವುದು ಇಲ್ಲೇ. ತವರಿಗೆ ಬಂದು ಹೆರಿಗೆ ಮಾಡಿಸಿಕೊಂಡು ಹೋದ ಹಾಗೆ ಎಂದು ತಿಳಿಯಿರಿ. ಆ ತವರಿನ ಅಡುಗೆಮನೆಯೇ ತೇಲುಪಾಚಿ.

ಮಳೆ ಬಂದಾಗ ಏನಾಗುತ್ತದೆ?

ಮೊಸರಿಗೆ ಹೆಪ್ಪು ಹಾಕುವುದನ್ನು ನೆನಪಿಸಿಕೊಳ್ಳಿ. ಹಾಲು ಬೇಕು, ಸ್ವಲ್ಪ ಹೆಪ್ಪು ಬೇಕು, ಹದವಾದ ಬಿಸಿ ಬೇಕು, ಅಲ್ಲಾಡಿಸದೆ ಸ್ವಲ್ಪ ಹೊತ್ತು ಬಿಡಬೇಕು. ಮಧ್ಯೆ ಮಧ್ಯೆ ನೀರು ಸುರಿಯುತ್ತಿದ್ದರೆ ಮೊಸರು ಆಗುವುದಿಲ್ಲ. ತೇಲುಪಾಚಿಯೂ ಹೀಗೆಯೇ. ಅದಕ್ಕೆ ಗೊಬ್ಬರದ ಅಂಶ ಬೇಕು, ಬಿಸಿಲು ಬೇಕು, ತಕ್ಕ ಉಪ್ಪು ಬೇಕು, ನೀರು ಸ್ವಲ್ಪ ದಿನ ನಿಲ್ಲಬೇಕು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರೀ ಮಳೆ. ಆಗ ಅಳಿವೆಯಲ್ಲಿ ಮೂರು ಬದಲಾವಣೆ ಆಗುತ್ತವೆ. ಒಂದು, ನದಿ ನೀರಿನ ರಭಸಕ್ಕೆ ತೇಲುಪಾಚಿ ಕೊಚ್ಚಿಕೊಂಡು ಸಮುದ್ರಕ್ಕೆ ಹೋಗುತ್ತದೆ. ಎರಡು, ನೀರು ಕೆಂಪು ರಾಡಿಯಾಗಿ ಬಿಸಿಲು ಒಳಗೆ ಇಳಿಯುವುದಿಲ್ಲ. ಮೂರು, ಉಪ್ಪು ಬಹಳ ಕಡಿಮೆಯಾಗುತ್ತದೆ. ಹೀಗಾಗಿ ಮಳೆಯ ತಿಂಗಳುಗಳಲ್ಲಿ ಅಳಿವೆಯ ಒಳಗೆ ತೇಲುಪಾಚಿ ಕಡಿಮೆ. ಇರುವುದರಲ್ಲಿಯೂ ಸಿಹಿನೀರಿನ ಜಾತಿಗಳೇ ಹೆಚ್ಚು.

ಹಾಗಾದರೆ ಮಳೆ ಕೆಟ್ಟದ್ದೇ? ಅಲ್ಲ. ಅದೇ ಮಳೆ ಕಾಡಿನ ಎಲೆಗೊಬ್ಬರ, ಗದ್ದೆಯ ಮಣ್ಣು, ಅದರೊಳಗಿನ ಸಾರಜನಕ, ರಂಜಕ, ಮರಳಿನ ಅಂಶ ಎಲ್ಲವನ್ನೂ ತಂದು ಅಳಿವೆಗೆ ಹಾಕುತ್ತದೆ. ಮಳೆ ನಿಂತು, ನೀರು ತಿಳಿಯಾಗಿ, ಬಿಸಿಲು ಇಳಿದು, ಉಪ್ಪು ನಿಧಾನವಾಗಿ ಏರಿದಾಗ ತೇಲುಪಾಚಿ ಮತ್ತೆ ಜೋರಾಗಿ ಬೆಳೆಯುತ್ತದೆ. 'ಡಯಾಟಮ್' ಎಂಬ ಜಾತಿ ಆಗ ಮುಖ್ಯ. ಅದರ ಮೈಮೇಲೆ ಗಾಜಿನಂಥ ಚಿಪ್ಪು ಇದೆ. ಆ ಚಿಪ್ಪು ಕಟ್ಟಲು ನದಿ ತರುವ ಮರಳಿನ ಅಂಶವೇ ಬೇಕು. ಅಂದರೆ ಮಳೆಗಾಲದಲ್ಲಿ ನದಿ ಹಾಕಿದ ಗೊಬ್ಬರಕ್ಕೆ ಬೆಳೆ ಬರುವುದು ಮಳೆ ನಿಂತ ಮೇಲೆ. ನಾವು ಗದ್ದೆ ಉತ್ತು, ಗೊಬ್ಬರ ಹಾಕಿ, ಕಾಯುವ ಹಾಗೆಯೇ.

ಇಲ್ಲಿ ಒಂದು ಮಾತು ನೆನಪಿಡಿ. ಅಳಿವೆಗೆ ನೀರು ಎಷ್ಟು ಬಂತು ಎನ್ನುವುದು ಮಾತ್ರ ಮುಖ್ಯವಲ್ಲ. ಯಾವಾಗ ಬಂತು, ಏನನ್ನು ಹೊತ್ತು ತಂತು ಎನ್ನುವುದೂ ಅಷ್ಟೇ ಮುಖ್ಯ. ಅಣೆಕಟ್ಟು ಬದಲಾಯಿಸುವುದು ಇದನ್ನೇ.

ಅಕ್ಕಪಕ್ಕದ ಎರಡು ನದಿಗಳು

ನಮ್ಮ ಕಾವೇರಿ ಸಮುದ್ರ ಸೇರುವ ಜಾಗ ದೂರ, ತಮಿಳುನಾಡಿನಲ್ಲಿದೆ. ಅಲ್ಲಿಗೆ ಹೋಗುವ ಮೊದಲು ನಮ್ಮ ರಾಜ್ಯದ್ದೇ ಉದಾಹರಣೆ ನೋಡೋಣ. ಉತ್ತರ ಕನ್ನಡ ಜಿಲ್ಲೆಯಲ್ಲಿ ಎರಡು ನದಿಗಳು ಹತ್ತಿರ ಹತ್ತಿರದಲ್ಲೇ ಸಮುದ್ರ ಸೇರುತ್ತವೆ. ಕುಮಟಾ ತಾಲ್ಲೂಕಿನ ತದಡಿ ಬಳಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ಎರಡಕ್ಕೂ ಪಶ್ಚಿಮ ಘಟ್ಟದ ಮಳೆಯೇ ಆಧಾರ. ಆದರೆ ಒಂದಕ್ಕೆ ಅಣೆಕಟ್ಟು ಇದೆ, ಇನ್ನೊಂದಕ್ಕೆ ಇಲ್ಲ.

ಅಘನಾಶಿನಿ ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ ಕೆಳಗಿಳಿಯುತ್ತದೆ. ಈ ನದಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಮಳೆಗಾಲದಲ್ಲಿ ಅಳಿವೆ ಸಿಹಿ, ಬೇಸಿಗೆಯಲ್ಲಿ ಉಪ್ಪು. ಕಾಲಕ್ಕೆ ತಕ್ಕಂತೆ ಏರಿಳಿತ. ಅಲ್ಲಿ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ, ಉಳಿದ ಕಾಲ ಮೀನು, ಸೀಗಡಿ ಹಿಡಿಯುತ್ತಾರೆ. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಅಳಿವೆಗೆ ಇಳಿದು ಬಳಚು ಹೆಕ್ಕುತ್ತಾರೆ. ಬಳಚು ಎಂದರೆ ಎರಡು ಚಿಪ್ಪಿನ ನಡುವೆ ಮಾಂಸ ಇರುವ ಜೀವಿ. ಅದು ನೀರನ್ನು ಒಳಗೆ ಎಳೆದು, ತೇಲುಪಾಚಿಯನ್ನು ಸೋಸಿ ತಿಂದು ಬದುಕುತ್ತದೆ. ಬುಟ್ಟಿ ಹೊತ್ತು ಸಂತೆಗೆ ಹೋಗುವ ಎಷ್ಟೋ ತಾಯಂದಿರ ಮನೆ ನಡೆಯುವುದು ಇದರಿಂದ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸರ್ ಎಂಬ ಅಂತರರಾಷ್ಟ್ರೀಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ ಜಾಗ ಸಿಕ್ಕಿತು. ನಮ್ಮ ಶ್ರೀರಂಗಪಟ್ಟಣದ ರಂಗನತಿಟ್ಟಿಗೆ ಅದೇ ಗೌರವ 2022ರಲ್ಲಿ ಸಿಕ್ಕಿದೆ.

ಇನ್ನು ಶರಾವತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಆಮೇಲೆ ಕೆಳಗೆ ಗೇರುಸೊಪ್ಪದಲ್ಲೂ ಅಣೆಕಟ್ಟು ಬಂತು. ವಿದ್ಯುತ್ ವರ್ಷವಿಡೀ ಬೇಕಲ್ಲ, ಹಾಗಾಗಿ ವಿದ್ಯುತ್ ತಯಾರಿಸಿದ ಮೇಲೆ ಸಿಹಿನೀರನ್ನು ಬೇಸಿಗೆಯಲ್ಲೂ ಕೆಳಗೆ ಬಿಡುತ್ತಾರೆ. ನದಿಯಲ್ಲಿ ಸದಾ ನೀರು ಇರುವುದು ಒಳ್ಳೆಯದೇ ಅಲ್ವಾ ಎಂದು ನಮಗೆ ಅನ್ನಿಸುತ್ತದೆ. ಆದರೆ ಅಳಿವೆಗೆ ಬೇಸಿಗೆಯಲ್ಲಿ ಬರಬೇಕಾದ ಉಪ್ಪು ಬರಲಿಲ್ಲ. ಉಪ್ಪು ಬೇಕಾದ ಜೀವಿಗಳು ಅಲ್ಲಿ ನಿಲ್ಲಲಾರವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದ್ದಾರೆ. ಶರಾವತಿಯ ಅಳಿವೆಯಲ್ಲಿ ಉಪ್ಪಿನಂಶ ಬಹಳ ಇಳಿದಿದೆ, ಮೀನಿನ ಜಾತಿಗಳು ಅಘನಾಶಿನಿಗಿಂತ ಕಡಿಮೆ, ಬಳಚಿನ ಸಂಪತ್ತು ಹೋಗಿದೆ ಎಂದು ಕಂಡುಕೊಂಡರು.

ನಮ್ಮ ಮನೆಯ ದೀಪ ಉರಿಯಲು ಶರಾವತಿಯ ವಿದ್ಯುತ್ತೂ ಬೇಕಾಗಿದೆ. ಅದನ್ನು ನಾವು ಮರೆಯಬಾರದು. ಆದರೆ ಆ ದೀಪದ ಬೆಲೆಯಲ್ಲಿ ಒಂದು ಪಾಲನ್ನು ಬಳಚು ಹೆಕ್ಕುತ್ತಿದ್ದ ಬಡ ಹೆಂಗಸರು ಕೊಟ್ಟರು ಎಂಬುದನ್ನೂ ಮರೆಯಬಾರದು. ಅವರನ್ನು ಯಾರೂ ಕೇಳಿರಲಿಲ್ಲ.

ನೀರನ್ನು ಪೂರ್ತಿ ತಡೆದರೆ?

ಶರಾವತಿಯಲ್ಲಿ ತೊಂದರೆಯಾದದ್ದು ಬೇಡದ ಕಾಲದಲ್ಲಿ ಸಿಹಿನೀರು ಬಂದದ್ದರಿಂದ. ಬೇಕಾದ ಕಾಲದಲ್ಲಿ ಬಾರದಿದ್ದರೂ ತೊಂದರೆಯೇ. ಇದಕ್ಕೆ ಪ್ರಪಂಚದಲ್ಲೇ ಹೆಸರಾದ ಉದಾಹರಣೆ ಈಜಿಪ್ಟ್ ದೇಶದ ನೈಲ್ ನದಿ. ಬೈಬಲ್ಲಿನಲ್ಲಿ ಮೋಶೆಯ ತಾಯಿ ಕೂಸನ್ನು ಬುಟ್ಟಿಯಲ್ಲಿಟ್ಟು ಬಿಟ್ಟ ನದಿ ಅದು.

ಪ್ರತಿ ವರ್ಷ ನೈಲ್ ಪ್ರವಾಹ ಬಂದು ಸಮುದ್ರಕ್ಕೆ ಮೆಕ್ಕಲು ಮಣ್ಣು ಹಾಕುತ್ತಿತ್ತು. ಪ್ರವಾಹ ಬಂದ ಕೂಡಲೇ ಅಳಿವೆಯ ಮುಂದಿನ ಸಮುದ್ರದಲ್ಲಿ ತೇಲುಪಾಚಿ ಜೋರಾಗಿ ಬೆಳೆಯುತ್ತಿತ್ತು. ಅದನ್ನು ತಿನ್ನಲು ಬೂತಾಯಿಯಂಥ ಮೀನುಗಳು ಹಿಂಡು ಹಿಂಡಾಗಿ ಬರುತ್ತಿದ್ದವು. 1964ರಿಂದ ಅಸ್ವಾನ್ ದೊಡ್ಡ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಲು ಶುರುಮಾಡಿದರು. ಪ್ರವಾಹ ನಿಂತಿತು, ಮಣ್ಣು ಅಣೆಕಟ್ಟಿನ ತಳದಲ್ಲೇ ಉಳಿಯಿತು. 1962ರಲ್ಲಿ ವರ್ಷಕ್ಕೆ ಸುಮಾರು 18 ಸಾವಿರ ಟನ್ ಸಿಗುತ್ತಿದ್ದ ಆ ಮೀನು 1960ರ ದಶಕ ಮುಗಿಯುವಷ್ಟರಲ್ಲಿ ಸಾವಿರ ಟನ್ನಿಗೂ ಕೆಳಗೆ ಇಳಿಯಿತು. ಅಣೆಕಟ್ಟಿನಿಂದ ಈಜಿಪ್ಟಿಗೆ ಬೆಳೆಯೂ ವಿದ್ಯುತ್ತೂ ಸಿಕ್ಕಿತು. ಅಳಿವೆಯ ಬೆಸ್ತರಿಗೆ ಬಲೆ ಬರಿದಾಯಿತು.

ನಮ್ಮ ಕಾವೇರಿಯ ಕಥೆ

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಕೆ.ಆರ್. ಪೇಟೆಯ ಮೂಲಕ ಹರಿಯುವ ಹೇಮಾವತಿ ಕೆಆರ್‌ಎಸ್ ಹಿನ್ನೀರಿಗೆ ಸೇರುತ್ತಾಳೆ. ನಾಗಮಂಗಲದ ಕಡೆಯಿಂದ ಬರುವ ಲೋಕಪಾವನಿ ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಕರಿಘಟ್ಟದ ಬಳಿ ಕಾವೇರಿಗೆ ಸೇರುತ್ತಾಳೆ. ಅಂದರೆ ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಬಿದ್ದ ಮಳೆನೀರು ಕಾವೇರಿಯ ದಾರಿಯಲ್ಲೇ ಇದೆ.

ಕೆಆರ್‌ಎಸ್ ಕೆಲಸ 1911ರಲ್ಲಿ ಶುರುವಾಯಿತು. ಪೂರ್ಣ ಮಟ್ಟ 124.80 ಅಡಿ, ತುಂಬಿದರೆ ಸುಮಾರು 49 ಟಿಎಂಸಿ ನೀರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ 2,800 ಕೋಟಿಗೂ ಹೆಚ್ಚು. ಕೆಳಗೆ ತಮಿಳುನಾಡಿನಲ್ಲಿ 1934ರಿಂದ ಮೆಟ್ಟೂರು ಅಣೆಕಟ್ಟು ಇದೆ. ಆಮೇಲೆ ಹಳೆಯ ಕಲ್ಲಣೆ. ಇಷ್ಟೆಲ್ಲ ದಾಟಿ ಕಾವೇರಿ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿ ಸೇರುತ್ತಾಳೆ. ಅವಳ ದೊಡ್ಡ ಕವಲು ಕೊಳ್ಳಿಡಂ ಪಿಚಾವರಂನ ಕಾಂಡ್ಲಾ ಕಾಡಿನ ಹತ್ತಿರ ಸಮುದ್ರ ಸೇರುತ್ತದೆ. ನಮ್ಮಲ್ಲಿ ಮಳೆ ಜೂನ್‌ನಿಂದ. ಅಲ್ಲಿ ಹೆಚ್ಚಿನ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆ ಅಳಿವೆಯ ತೇಲುಪಾಚಿಗೆ ನಮ್ಮ ಮಳೆಯೂ ಬೇಕು, ಅವರ ಮಳೆಯೂ ಬೇಕು.

ವರ್ಷದಿಂದ ವರ್ಷಕ್ಕೆ ಎಷ್ಟು ವ್ಯತ್ಯಾಸ ನೋಡಿ. 2023ರಲ್ಲಿ ಮುಂಗಾರು ಕೈಕೊಟ್ಟು ಕೆಆರ್‌ಎಸ್ ತುಂಬಲೇ ಇಲ್ಲ. 2024ರ ಜುಲೈನಲ್ಲಿ ತುಂಬಿತು. 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿ ಬಾಗಿನ ಅರ್ಪಿಸಿದರು. ಗೇಟು ತೆಗೆದಾಗ ಏನಾಗುತ್ತದೆಂದು ಶ್ರೀರಂಗಪಟ್ಟಣದವರಿಗೆ ನಾನು ಹೇಳಬೇಕಾಗಿಲ್ಲ. ಹಳೆಯ ಸೇತುವೆ ಮುಳುಗುತ್ತದೆ, ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ಬರದ ವರ್ಷ ಅಳಿವೆಗೆ ನದಿ ನೀರು ತಲುಪುವುದೇ ಕಷ್ಟ. ಆಗ ಉಪ್ಪುನೀರು ಒಳಗೆ ನುಗ್ಗುತ್ತದೆ, ಹತ್ತಿರದ ಬಾವಿಗಳೂ ಉಪ್ಪಾಗುತ್ತವೆ. ನೆರೆಯ ವರ್ಷ ಎಲ್ಲ ಒಟ್ಟಿಗೆ ಬಂದು ತೇಲುಪಾಚಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಆರು ತಿಂಗಳು ಉಪವಾಸ ಹಾಕಿ ಒಂದೇ ದಿನ ಹಬ್ಬದೂಟ ಬಡಿಸಿದರೆ ಮಗು ಬೆಳೆಯುತ್ತದೆಯೇ?

ಕಾವೇರಿ ನ್ಯಾಯಮಂಡಳಿಯು 2007ರ ತೀರ್ಪಿನಲ್ಲಿ 740 ಟಿಎಂಸಿ ನೀರನ್ನು ಹಂಚಿತು. ಅದರಲ್ಲಿ 10 ಟಿಎಂಸಿಯನ್ನು ಪರಿಸರ ರಕ್ಷಣೆಗೆ, 4 ಟಿಎಂಸಿಯನ್ನು ತಡೆಯಲಾಗದೆ ಸಮುದ್ರಕ್ಕೆ ಹರಿಯುವ ನೀರೆಂದು ಇಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳ ಪಾಲನ್ನು ಬದಲಿಸಿದಾಗಲೂ ಈ 14 ಟಿಎಂಸಿ ಹಾಗೇ ಉಳಿಯಿತು. ಲೆಕ್ಕ ಹಾಕಿ ನೋಡಿ: ನೂರು ರೂಪಾಯಿಯಲ್ಲಿ ಎರಡು ರೂಪಾಯಿಗೂ ಕಡಿಮೆ. ನಮ್ಮ ಗದ್ದೆಗೆ ನೀರು ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಹಕ್ಕಿನ ನೀರು ನಮಗೆ ಬೇಕು. ಆದರೆ ಸಮುದ್ರ ಸೇರುವ ನೀರೆಲ್ಲ ದಂಡ ಎಂಬ ಮಾತು ಸರಿಯಲ್ಲ. ಅದು ಮೀನುಮರಿಗೆ ಹಾಲು, ನಮ್ಮ ಹಾಗೇ ಸಂಘ ಕಟ್ಟಿಕೊಂಡಿರುವ ಅಲ್ಲಿಯ ಮೀನು ಮಾರುವ ಹೆಂಗಸರಿಗೆ ಊಟ.

ನಾವು ಕಳಿಸುವ ನೀರಿನಲ್ಲಿ ಏನಿದೆ?

ಗೇಟು ತೆಗೆಯುವುದು, ಮುಚ್ಚುವುದು ನಮ್ಮ ಕೈಯಲ್ಲಿಲ್ಲ. ಆದರೆ ನೀರು ಹೊತ್ತು ಹೋಗುವುದರಲ್ಲಿ ಒಂದು ಪಾಲು ನಮ್ಮದು. ಅತಿಯಾದ ಯೂರಿಯಾ, ಡಿಎಪಿ, ಸೋಪಿನ ನೀರು, ಕೊಟ್ಟಿಗೆಯ ಗಂಜಲ, ಚರಂಡಿ ನೀರು ಇವೆಲ್ಲ ತೇಲುಪಾಚಿಗೆ ಅತಿ ಗೊಬ್ಬರ. ಮೊದಲು ಅದರ ಪರಿಣಾಮ ಕಾಣುವುದು ಸಮುದ್ರದಲ್ಲಲ್ಲ, ನಮ್ಮ ಕೆರೆಯಲ್ಲೇ. ನೀರು ನಿಂತಿದೆ, ಬಿಸಿಲಿದೆ, ಗೊಬ್ಬರ ಇದೆ. ಹೆಪ್ಪು ಗಟ್ಟಿಯಾಗಿ ಹಿಡಿಯುತ್ತದೆ.

ಎಲ್ಲ ಹಸಿರು ನೀರೂ ವಿಷವಲ್ಲ. ತಿಳಿ ಹಸಿರು ನೀರಿದ್ದರೆ ಕೆರೆ ಮೀನು ಚೆನ್ನಾಗಿ ಬೆಳೆಯುತ್ತದೆ. ಬೆಳ್ಳಿಗೆಂಡೆ ಎಂಬ ಮೀನು ತೇಲುಪಾಚಿಯನ್ನೇ ಸೋಸಿ ತಿನ್ನುತ್ತದೆ. ಆದರೆ ಎರಡು ಅಪಾಯಗಳನ್ನು ತಿಳಿದಿರಿ.

ಮೊದಲನೆಯದು, ನೀರಿನ ಮೇಲೆ ಹಸಿರು ಪೇಂಟು ಸುರಿದ ಹಾಗೆ ಕೆನೆ ಕಟ್ಟಿ ನಾತ ಬಂದರೆ ಅದು ನೀಲಿ-ಹಸಿರು ಪಾಚಿ ಇರಬಹುದು. ಅದರಲ್ಲಿ ಕೆಲವು ಜಾತಿ ವಿಷ ಬಿಡುತ್ತವೆ. ಅಂಥ ನೀರನ್ನು ದನ ಕರು, ಕುರಿಗಳಿಗೆ ಕುಡಿಸಬೇಡಿ, ಮಕ್ಕಳನ್ನು ಇಳಿಸಬೇಡಿ. ಕುದಿಸಿದರೆ ಸರಿಹೋಗುತ್ತದೆ ಅನ್ನಬೇಡಿ, ಕುದಿಸಿದರೂ ಈ ವಿಷ ಹೋಗುವುದಿಲ್ಲ. ಕುಡಿದ ದನ ನಡುಗಿದರೆ, ಬಿದ್ದರೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ.

ಎರಡನೆಯದು, ಪಾಚಿ ಹಗಲಿನಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಪಾಚಿ ಅತಿಯಾದರೆ ಬೆಳಗಿನ ಜಾವ ನೀರಿನಲ್ಲಿ ಉಸಿರೇ ಉಳಿಯುವುದಿಲ್ಲ. ಕೋಳಿ ಕೂಗುವ ಹೊತ್ತಿಗೆ ಮೀನು ಮೇಲೆ ಬಂದು ಬಾಯಿ ತೆರೆದು ಒದ್ದಾಡಿದರೆ ಇದೇ ಕಾರಣ ಇರಬಹುದು. ಮೋಡ ಮುಚ್ಚಿದ ದಿನಗಳಲ್ಲಿ ಹೆಚ್ಚು. ಕೆರೆಯಲ್ಲಿ ಅಥವಾ ಕೃಷಿ ಹೊಂಡದಲ್ಲಿ ಮೀನು ಸಾಕುವ ಸಂಘದವರು ಆಗ ಮೇವು, ಸಗಣಿ ಹಾಕುವುದನ್ನು ನಿಲ್ಲಿಸಿ, ಹೊಸ ನೀರು ಬಿಡಿ ಅಥವಾ ಪಂಪಿನಿಂದ ನೀರನ್ನು ಮೇಲಕ್ಕೆ ಚಿಮ್ಮಿಸಿ.

ಸಂಘದಲ್ಲಿ ಮಾಡಬಹುದಾದ ಕೆಲಸಗಳು

1. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕಿ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತು ಕಂತಾಗಿ ಕೊಡಿ. ಜೋರು ಮಳೆ ಬರುವ ಹಿಂದಿನ ದಿನ ಹಾಕಿದರೆ ಅದು ಬೆಳೆಗಲ್ಲ, ಹಳ್ಳಕ್ಕೆ.

2. ಬಟ್ಟೆ, ಪಾತ್ರೆ ತೊಳೆದ ನೀರನ್ನು ಕೆರೆಗೆ, ನಾಲೆಗೆ ಬಿಡಬೇಡಿ. ಬಚ್ಚಲ ನೀರಿಗೆ ಇಂಗುಗುಂಡಿ ಮಾಡಿ. ಬಾಳೆ, ತೆಂಗಿನ ಬುಡಕ್ಕೂ ತಿರುಗಿಸಬಹುದು.

3. ಕೆರೆಯ ಅಂಚಿನ ಹುಲ್ಲನ್ನು ಕೆತ್ತಿ ಬೋಳು ಮಾಡಬೇಡಿ. ಹರಿದು ಬರುವ ಮಣ್ಣನ್ನೂ ಗೊಬ್ಬರವನ್ನೂ ಅದು ತಡೆಯುತ್ತದೆ.

4. ಕೆರೆಯ ಲೆಕ್ಕ ಬರೆಯಿರಿ. ಒಂದು ಬಿಳಿ ತಟ್ಟೆಗೆ ಕಲ್ಲು ಕಟ್ಟಿ, ಹಗ್ಗದಲ್ಲಿ ನೀರಿಗೆ ಇಳಿಸಿ. ತಟ್ಟೆ ಕಣ್ಣಿಗೆ ಕಾಣದಾದಾಗ ಹಗ್ಗ ಹಿಡಿದು ಎಷ್ಟು ಗೇಣು ಇಳಿಯಿತು ಎಂದು ಅಳೆಯಿರಿ. ಆ ನೀರನ್ನು ಬಾಟಲಿಯಲ್ಲಿ ತುಂಬಿ ಒಂದು ರಾತ್ರಿ ಅಲ್ಲಾಡಿಸದೆ ಇಡಿ. ಕೆಂಪಾಗಿ ತಳಕ್ಕೆ ಕುಳಿತರೆ ಅದು ಮಣ್ಣು. ಹಸಿರು ಹಾಗೇ ತೇಲುತ್ತಿದ್ದರೆ ತೇಲುಪಾಚಿ. ತಿಂಗಳಿಗೊಮ್ಮೆ ದಿನಾಂಕ, ಮಳೆ, ನಾಲೆಗೆ ನೀರು ಬಿಟ್ಟ ದಿನ, ಗೇಣಿನ ಲೆಕ್ಕ ಬರೆದಿಡಿ. ಒಂದು ವರ್ಷ ಬರೆದರೆ ಮಳೆಗೂ ನೀರು ಬಿಡುವುದಕ್ಕೂ ತೇಲುಪಾಚಿಗೂ ಇರುವ ಸಂಬಂಧವನ್ನು ನಿಮ್ಮ ಪುಸ್ತಕವೇ ಹೇಳುತ್ತದೆ. ಗ್ರಾಮಸಭೆಯಲ್ಲಿ ಕೆರೆಯ ವಿಷಯ ಮಾತಾಡುವಾಗ ಆ ಪುಸ್ತಕ ಕೈಯಲ್ಲಿರಲಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮೂರ ಕೆರೆ ಯಾವ ತಿಂಗಳಲ್ಲಿ ಹಸಿರಾಗುತ್ತದೆ? ಹತ್ತು ವರ್ಷದ ಹಿಂದೆಯೂ ಹಾಗೇ ಇತ್ತೇ?

2. ಅಘನಾಶಿನಿಗೂ ಶರಾವತಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ಹೇಳಿ.

3. ನಮ್ಮ ಹೊಲದಿಂದ, ಬಚ್ಚಲಿಂದ ಹೊರಗೆ ಹೋಗುವ ನೀರು ಎಲ್ಲಿಗೆ ಸೇರುತ್ತದೆ?

4. ನೀರಿನ ಬಗ್ಗೆ ತೀರ್ಮಾನ ಮಾಡುವಾಗ ಯಾರನ್ನು ಕೇಳುತ್ತಾರೆ, ಯಾರನ್ನು ಕೇಳುವುದಿಲ್ಲ?

ಪೋಪ್ ಫ್ರಾನ್ಸಿಸರು 2015ರಲ್ಲಿ ಬರೆದ 'ಲೌದಾತೊ ಸಿ' ಪತ್ರದಲ್ಲಿ ಪಾಚಿ, ಹುಳು, ಸೂಕ್ಷ್ಮಜೀವಿಗಳನ್ನೂ ನೆನೆದಿದ್ದಾರೆ, ಸೃಷ್ಟಿಯ ಮನೆಯಲ್ಲಿ ಅವಕ್ಕೂ ಕೆಲಸವಿದೆ ಎಂದು ತೋರಿಸಿದ್ದಾರೆ. ದೇವರನ್ನು ನಾವು ಬೇರೆ ಬೇರೆ ಹೆಸರಿನಿಂದ ಕರೆಯುವವರು, ಆದರೆ ಕುಡಿಯುವುದು ಒಂದೇ ನದಿಯ ನೀರು.

ಪಾಂಡವಪುರದ ಆ ತಾಯಿಗೆ ನಾನು ಅಂದು ಅರ್ಧ ಉತ್ತರ ಮಾತ್ರ ಹೇಳಿದ್ದೆ. ಉಳಿದರ್ಧ ಈ ಪಾಠದಲ್ಲಿದೆ. ಮುಂದಿನ ಸಭೆಗೆ ಬಿಳಿ ತಟ್ಟೆ, ಹಗ್ಗ ತಂದಿರಿ. ಎಲ್ಲರೂ ಕೂಡಿ ಕೆರೆ ಹತ್ತಿರ ಹೋಗೋಣ.